ಎರಡನೇ ಮಾನಿಟರ್ ಆಗಾಗ ಕಪ್ಪಾಗುತ್ತಿದೆಯಾ? ಡ್ರೈವರ್ ಮುಟ್ಟುವ ಮೊದಲು ಇಷ್ಟು ನೋಡಿ

ಲಿನಕ್ಸ್‌ನಲ್ಲಿ ಎರಡನೇ ಮಾನಿಟರ್ ಕೈಕೊಟ್ಟರೆ ನಾವೆಲ್ಲ ಮೊದಲು ಕೈಹಾಕುವುದು ಡ್ರೈವರ್‌ಗೆ. ನಾನೂ ಒಂದು ಇಡೀ ಭಾನುವಾರ ಡ್ರೈವರ್ ಕಿತ್ತು ಹಾಕುತ್ತಾ ಕೂತಿದ್ದೆ. ತಪ್ಪು ಕೇಬಲ್‌ದಾಗಿತ್ತು. ಅದಕ್ಕೇ ಮೊದಲ ಪ್ರಶ್ನೆ ಇದು: ಪರದೆ ಕಪ್ಪಾದಾಗ ಕಂಪ್ಯೂಟರಿಗೆ ಮಾನಿಟರ್ ಇದೆ ಅಂತ ಗೊತ್ತಾ, ಇಲ್ವಾ?

ಮಾನಿಟರ್‌ಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್‌ನಲ್ಲಿ 19 ಪಿನ್ ಇವೆ. 18ನೆಯದರಲ್ಲಿ ಕಂಪ್ಯೂಟರ್ 5 ವೋಲ್ಟ್ ಕೊಡುತ್ತದೆ, ಮಾನಿಟರ್ 19ನೆಯದರಲ್ಲಿ 'ನಾನಿದ್ದೇನೆ' ಅನ್ನುತ್ತದೆ. ಇದೇ ಹಾಟ್‌ಪ್ಲಗ್. ಈ ಒಂದು ತಂತಿ ಸಡಿಲವಾದರೂ ಸಾಕು, ಕೇಬಲ್ಲೇ ಕಿತ್ತ ಲೆಕ್ಕ. ಸಾಮಾನ್ಯವಾಗಿ ಅಲ್ಲಿದ್ದ ವಿಂಡೋಗಳೆಲ್ಲ ಲ್ಯಾಪ್‌ಟಾಪ್ ಪರದೆಗೆ ಓಡಿ ಬರುತ್ತವೆ. ಚಿತ್ರ ಹೊತ್ತು ತರುವ ತಂತಿಗಳಲ್ಲಿ ತೊಂದರೆ ಇದ್ದರೆ ಮಾತ್ರ ವಿಂಡೋಗಳು ಅಲ್ಲೇ ಇರುತ್ತವೆ, ಪರದೆ ಮಿಣುಕುತ್ತದೆ ಅಥವಾ ಕಪ್ಪಾಗುತ್ತದೆ. ಕಮಾಂಡ್ ಹೊಡೆಯದೇ ಅರ್ಧ ಉತ್ತರ ಸಿಕ್ಕಿತು, ಅಲ್ವಾ?

ಖಾತ್ರಿ ಬೇಕಾದರೆ 'ಯುಡೆವ್‌ಅಡ್ಮ್ ಮಾನಿಟರ್' (udevadm monitor) ಕಮಾಂಡನ್ನು ಟರ್ಮಿನಲ್‌ನಲ್ಲಿ ಓಡಿಸಿ ಬಿಡಿ. ಪರದೆ ಹೋದ ಕ್ಷಣಕ್ಕೆ ಡಿಆರ್‌ಎಂ (drm, ಲಿನಕ್ಸ್‌ನ ಗ್ರಾಫಿಕ್ಸ್ ವಿಭಾಗ) ಅಂತ ಸಾಲು ಬಂದರೆ ಹಾಟ್‌ಪ್ಲಗ್ ಸಂಕೇತ ಕಡಿದಿದೆ. ಸುಮ್ನೆ ಡಿಮೆಸೇಜ್ (dmesg, ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವ ದಾಖಲೆ) ನೋಡುತ್ತಾ ಕೂರಬೇಡಿ, ಇಂಥದ್ದಕ್ಕೆಲ್ಲ ಅದು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ.

ಸಿಸ್ ಒಳಗೆ ಕ್ಲಾಸ್, ಅದರೊಳಗೆ ಡಿಆರ್‌ಎಂ ಅಂತ ಫೋಲ್ಡರ್ ಇದೆ (/sys/class/drm). ಒಂದೊಂದು ಪೋರ್ಟಿಗೂ ಅಲ್ಲಿ ಒಂದೊಂದು ಫೋಲ್ಡರ್. ಅದರಲ್ಲಿನ ಸ್ಟೇಟಸ್ ಫೈಲ್ ಮಾನಿಟರ್ ಜೋಡಿಸಿದೆಯೋ ಇಲ್ಲವೋ ಹೇಳುತ್ತದೆ. ಪಕ್ಕದ ಇಡಿಐಡಿ ಫೈಲ್ ಮಾನಿಟರಿನ ಜಾತಕ ಇದ್ದಂತೆ, ಯಾವ ರೆಸಲ್ಯೂಶನ್ ನಡೆಯುತ್ತದೆ ಅನ್ನೋದೆಲ್ಲ ಅದರಲ್ಲಿದೆ. ಓದಿದಾಗ 128 ಅಥವಾ 256 ಬೈಟ್ ಸಿಕ್ಕರೆ ಸಾಮಾನ್ಯವಾಗಿ ಸರಿ ಇದೆ. ಮಾನಿಟರ್ ಜೋಡಿಸಿದ್ದರೂ 0 ಬೈಟ್ ಬಂದರೆ ಜಾತಕ ತರುವ 15, 16ನೇ ಪಿನ್‌ಗಳ ದಾರಿಯಲ್ಲಿ ಏನೋ ತೊಡಕು. ಫುಲ್ ಎಚ್‌ಡಿ ಮಾನಿಟರ್ 1024×768ಕ್ಕೆ ಸಿಕ್ಕಿಹಾಕಿಕೊಂಡರೆ ಮೊದಲು ಇದನ್ನೇ ಅನುಮಾನಿಸಿ.

ಜಾತಕ ಸರಿ ಇದ್ದೂ ಮಿಣುಕುತ್ತಿದ್ದರೆ ಭಾರ ಇಳಿಸಿ ನೋಡಿ. 60 ಹರ್ಟ್ಜ್‌ನಲ್ಲಿ 1080ಪಿಗೆ ಪಿಕ್ಸೆಲ್ ಕ್ಲಾಕ್ (ಚಿತ್ರದ ಚುಕ್ಕಿಗಳನ್ನು ಕಳಿಸುವ ವೇಗ) 148.5 ಮೆಗಾಹರ್ಟ್ಜ್, 720ಪಿಗೆ ಅದರ ಅರ್ಧ, 4ಕೆಗೆ 594. ಪರದೆ ತೋರಿಸುವ ವ್ಯವಸ್ಥೆ ಎಕ್ಸ್11 ಆದರೆ ಎಕ್ಸ್‌ರ್ಯಾಂಡರ್ (xrandr) ಕಮಾಂಡ್‌ನಿಂದ 720ಪಿಗೆ ಇಳಿಸಬಹುದು, ವೇಲ್ಯಾಂಡ್ ಆದರೆ ಡೆಸ್ಕ್‌ಟಾಪ್ ಸೆಟ್ಟಿಂಗ್ಸ್‌ಗೇ ಹೋಗಿ. 720ಪಿಯಲ್ಲಿ ಗಂಟೆಗಟ್ಟಲೆ ಗಟ್ಟಿಯಾಗಿ ನಿಂತು 1080ಪಿಯಲ್ಲಿ ಒದ್ದಾಡಿದರೆ ಕೇಬಲ್ ಮೇಲೇ ನನ್ನ ಅನುಮಾನ. ನನ್ನದು ಹೀಗೇ ಇತ್ತು: ಯಾರಾದರೂ ಫ್ಯಾನ್ ಸ್ವಿಚ್ ಹಾಕಿದರೆ ಎರಡು ಸೆಕೆಂಡ್ ಕತ್ತಲು! ಉದ್ದದ ಹಳೇ ಕೇಬಲ್ ತೆಗೆದು ಗಿಡ್ಡದು ಹಾಕಿದ ಮೇಲೆ ನಿಂತಿತು.

ಸಸ್ಪೆಂಡ್‌ನಿಂದ ಎದ್ದಾಗ ಮಾತ್ರ ಪರದೆ ಬರದಿದ್ದರೆ ಅದು ಬೇರೆ ರೋಗ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಅಕ್ಷರಗಳಷ್ಟೇ ಇರುವ ಪರದೆಗೆ ಹೋಗಿ, ಆಮೇಲೆ ಕಂಟ್ರೋಲ್, ಆಲ್ಟ್ ಜೊತೆ ಎಫ್1, ಎಫ್2 ಅಥವಾ ಎಫ್7ರಿಂದ ಡೆಸ್ಕ್‌ಟಾಪ್‌ಗೆ ಮರಳಿ (ಎಲ್ಲಿದೆ ಅನ್ನೋದು ಡಿಸ್ಟ್ರೋ, ಅಂದರೆ ನಿಮ್ಮ ಲಿನಕ್ಸ್ ಆವೃತ್ತಿಯ ಮೇಲೆ ಹೋಗುತ್ತದೆ). ಅಷ್ಟಕ್ಕೇ ಚಿತ್ರ ಬಂದರೆ ಕೇಬಲ್ ಬಹುಶಃ ನಿರಪರಾಧಿ. ಈಗ ಬೇಕಾದರೆ ಕರ್ನಲ್ ಬದಲಿಸಿ, ಡ್ರೈವರ್ ಕೀಳಿ.