ಬ್ರಾನ್‌ಸ್ಟನ್ ಪಿಕಲ್: ಅನ್ನಕ್ಕೆ ಯಾಕೆ ಒಗ್ಗಲ್ಲ, ಚೀಸ್‌ಗೆ ಯಾಕೆ ಒಗ್ಗುತ್ತೆ

ಇಂಗ್ಲೆಂಡಿಗೆ ಓದೋಕೋ ಕೆಲಸಕ್ಕೋ ಹೋದ ನಮ್ಮ ಕಡೆಯವರು ಸೂಪರ್‌ಮಾರ್ಕೆಟ್‌ನಲ್ಲಿ ಪಿಕಲ್ ಅಂತ ಬರೆದಿರೋ ಬಾಟ್ಲಿ ನೋಡಿ ಖುಷಿಯಿಂದ ಮನೆಗೆ ತಂದು, ಬಿಸಿ ಅನ್ನ ತುಪ್ಪಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟು, ಅಲ್ಲಿಗೆ ಬಾಟ್ಲಿನ ಫ್ರಿಜ್ಜಿನ ಮೂಲೆಗೆ ತಳ್ಳಿಬಿಡ್ತಾರೆ. ನಾನೂ ಅನ್ನಕ್ಕೆ ಕಲಸಿ ತಿಂದು ನೋಡಿದೀನಿ, ನಿಜವಾಗ್ಲೂ ಸೇರಲ್ಲ. ಮೊದಲು ಸಿಹಿ, ಆಮೇಲೆ ಮೂಗಿಗೆ ಹೊಡೆಯೋ ವಿನೆಗರ್ ಘಾಟು, ಖಾರ ಹೆಸರಿಗಷ್ಟೇ. ಆದ್ರೆ ಅದನ್ನೇ ಬ್ರೆಡ್ಡಿಗೆ ಬೆಣ್ಣೆ ಸವರಿ, ದಪ್ಪಗೆ ಕತ್ತರಿಸಿದ ಚೆಡ್ಡಾರ್ ಚೀಸ್ ಇಟ್ಟು, ಮೇಲೆ ಒಂದು ದೊಡ್ಡ ಚಮಚ ಹಾಕಿ ತಿಂದ್ರೆ ಬೇರೆಯದೇ ಪದಾರ್ಥ ಅನ್ಸುತ್ತೆ. ಹೀಗ್ಯಾಕೆ ಅನ್ನೋದಕ್ಕೆ ಉತ್ತರ ಪೂರ್ತಿ ಆ ಬಾಟ್ಲಿ ಒಳಗಿರೋ ಹುಳಿಯಲ್ಲೇ ಇದೆ, ಮತ್ತೆ ಅದು ತಿಳ್ಕೊಂಡ್ರೆ ಯಾವುದರ ಜೊತೆ ತಿನ್ನಬಹುದು ಅಂತ ಯಾರನ್ನೂ ಕೇಳೋದೇ ಬೇಡ.

ಈ ಥರದ ಪಿಕಲ್‌ಗಳಲ್ಲಿ ಎಲ್ಲರಿಗೂ ಗೊತ್ತಿರೋದು ಬ್ರಾನ್‌ಸ್ಟನ್. 1922ರಲ್ಲಿ ಕ್ರಾಸ್ ಅಂಡ್ ಬ್ಲ್ಯಾಕ್‌ವೆಲ್ ಕಂಪನಿ ಇದನ್ನ ಸ್ಟ್ಯಾಫರ್ಡ್‌ಶೈರ್‌ನ ಬ್ರಾನ್‌ಸ್ಟನ್ ಅನ್ನೋ ಹಳ್ಳೀಲಿ ಶುರು ಮಾಡ್ತು, ಕೆಲವೇ ವರ್ಷದಲ್ಲಿ ಫ್ಯಾಕ್ಟರಿ ಲಂಡನ್‌ಗೆ ಹೋಯ್ತು, ಹೆಸರು ಮಾತ್ರ ಉಳೀತು. ಆ ಹಳ್ಳಿ ಪಕ್ಕದ ಊರು ಬರ್ಟನ್, ಬಿಯರ್‌ಗೆ ಹೆಸರಾದ ಊರು. ಪಿಕಲ್‌ಗೆ ಹಾಕೋ ಮಾಲ್ಟ್ ವಿನೆಗರೂ ಬಿಯರ್‌ನ ಸಂಬಂಧಿಯೇ: ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಯೀಸ್ಟ್ ಆಲ್ಕೋಹಾಲ್ ಮಾಡುತ್ತೆ, ಆ ಆಲ್ಕೋಹಾಲನ್ನ ಇನ್ನೊಂದು ಥರ ಬ್ಯಾಕ್ಟೀರಿಯಾ ಗಾಳಿ ಬಳಸ್ಕೊಂಡು ಅಸಿಟಿಕ್ ಆಸಿಡ್ ಆಗಿ ಬದಲಾಯಿಸುತ್ತೆ. ಈಗ ಈ ಬ್ರ್ಯಾಂಡು ಜಪಾನಿನ ಮಿಜ್ಕಾನ್ ಕಂಪನಿಯದ್ದು, ಅವರೂ ಮೂಲತಃ ವಿನೆಗರ್ ಮಾಡೋರೇ.

ಬಾಟ್ಲಿಯಿಂದ ಒಂದು ಚಮಚ ತಟ್ಟೆಗೆ ಹಾಕಿ ನೋಡಿ. ಕಪ್ಪು ಕಂದು ಬಣ್ಣದ ಮಂದ ರಸ, ಅದರೊಳಗೆ ಸಣ್ಣ ಚೌಕ ಚೌಕ ಹೋಳುಗಳು. ಕ್ಯಾರೆಟ್, ಈರುಳ್ಳಿ, ಹೂಕೋಸು, ಮತ್ತೆ ಸ್ವೀಡ್ ಅನ್ನೋ ಗೆಡ್ಡೆ. ರಸದಲ್ಲಿ ವಿನೆಗರ್, ಸಕ್ಕರೆ, ಖರ್ಜೂರ, ಸೇಬು, ಟೊಮ್ಯಾಟೊ, ಮಸಾಲೆ. ನಮ್ಮ ಅಡುಗೆಮನೇಲಿ ಇದಕ್ಕೆ ಹತ್ತಿರದ್ದು ಉಪ್ಪಿನಕಾಯಿ ಅಲ್ಲ, ಬೆಲ್ಲ ಮುಂದೆ ಇರೋ ಅನಾನಸ್ ಗೊಜ್ಜು. ಹಾಗಂದ್ಕೊಂಡು ಬಾಯಿಗಿಟ್ರೆ ಅರ್ಧ ನಿರಾಸೆ ಅಲ್ಲೇ ಕಮ್ಮಿ ಆಗುತ್ತೆ. ಸ್ವೀಡ್ ಕಥೆ ಸ್ವಲ್ಪ ಹೇಳಲೇಬೇಕು. ಅದು ಟರ್ನಿಪ್ಪು ಮತ್ತೆ ಎಲೆಕೋಸಿನ ಜಾತಿ ಎರಡೂ ಕೂಡಿ ಹುಟ್ಟಿದ ಗಿಡ. ಟರ್ನಿಪ್ಪಿನ ಲೆಕ್ಕದಲ್ಲಿ 10 ಜೊತೆ ಕ್ರೋಮೋಸೋಮು, ಕೋಸಿನದು 9 ಜೊತೆ, ಎರಡೂ ಸೇರಿ ಸ್ವೀಡ್‌ಗೆ 19 ಜೊತೆ. ನಾವು ಒಗ್ಗರಣೆಗೆ ಹಾಕೋ ಸಾಸಿವೆಯೂ ಹೀಗೇ ಟರ್ನಿಪ್ಪಿನ ಜಾತಿ ಇನ್ನೊಂದು ಕಪ್ಪು ಸಾಸಿವೆ ಜೊತೆ ಕೂಡಿ ಬಂದಿದ್ದು. ಈ ನೆಂಟಸ್ತಿಕೆನೆಲ್ಲಾ 1935ರಲ್ಲಿ ಒಂದು ತ್ರಿಕೋನದ ಚಿತ್ರದಲ್ಲಿ ಬಿಡಿಸಿ ತೋರಿಸಿದ್ದು ಜಪಾನಿನಲ್ಲಿ ಕೆಲಸ ಮಾಡ್ತಿದ್ದ ಕೊರಿಯಾ ಮೂಲದ ಸಸ್ಯವಿಜ್ಞಾನಿ ವೂ ಜಾಂಗ್ ಚುನ್. ಸ್ವೀಡ್ ಹಸಿಯಾಗಿ ಕಚ್ಚಿದ್ರೆ ಸಾಸಿವೆ ಥರದ ಒಂದು ಸಣ್ಣ ಕಟು ಬರುತ್ತಲ್ಲ, ಅದು ಈ ವಂಶದ ಗುಣ.

ಈಗ ಆ ಹೋಳನ್ನ ಕಚ್ಚಿ. ಬೇಯಿಸಿ ತಿಂಗಳುಗಟ್ಟಲೆ ರಸದಲ್ಲಿ ಮುಳುಗಿದ್ರೂ ಕರಕರ ಅನ್ನುತ್ತೆ. ಇದು ಹೇಗೆ ಅಂತ ನಮ್ಮ ಮನೆ ಹೆಂಗಸರಿಗೆ ಚೆನ್ನಾಗಿ ಗೊತ್ತು, ಹುಳಿ ಮಾಡುವಾಗ ತರಕಾರಿ ಬೇಯೋಕೆ ಮುಂಚೆ ಹುಣಸೆರಸ ಹಾಕಿಬಿಟ್ರೆ ಅದು ಎಷ್ಟು ಹೊತ್ತಾದ್ರೂ ಬೇಯಲ್ಲ ಅಂತ ಬೈತಾರಲ್ಲ, ಅದೇ ಕಾರಣ. ತರಕಾರಿಯ ಕೋಶಗಳನ್ನ ಒಂದಕ್ಕೊಂದು ಅಂಟಿಸಿ ಹಿಡಿದಿರೋದು ಪೆಕ್ಟಿನ್ ಅನ್ನೋ ಪದಾರ್ಥ. ಬರೀ ನೀರಲ್ಲಿ ಕುದಿಸಿದ್ರೆ ಪೆಕ್ಟಿನ್ ಎಳೆ ತುಂಡಾಗಿ ಕರಗುತ್ತೆ, ತರಕಾರಿ ಮೆತ್ತಗಾಗುತ್ತೆ. ಪಿಎಚ್ (ಹುಳಿ ಅಳೆಯೋ ಅಂಕಿ, ಇದು ಇಳಿದಷ್ಟೂ ಹುಳಿ ಜಾಸ್ತಿ) 4ರ ಆಸುಪಾಸಿನ ಹುಳಿಯಲ್ಲಿ ಆ ತುಂಡಾಗೋ ಕ್ರಿಯೆ ತುಂಬಾ ನಿಧಾನ. ಅಡುಗೆ ಸೋಡಾ ಹಾಕಿದ್ರೆ ಇದಕ್ಕೆ ಉಲ್ಟಾ, ಬೇಗ ಬೆಂದು ಪೇಸ್ಟ್ ಆಗಿಬಿಡುತ್ತೆ. ಅಂದ್ರೆ ಸಾರಿನಲ್ಲಿ ನಮಗೆ ತೊಂದರೆ ಕೊಡೋ ಗುಣವನ್ನೇ ಅವರು ಬೇಕೂಂತ ಬಳಸ್ಕೊಂಡಿದಾರೆ.

ಆ ಬಣ್ಣದ ಹಿಂದೆ ಇನ್ನೂ ದೊಡ್ಡ ವಿಷಯ ಇದೆ, ನನಗಂತೂ ಇಡೀ ಪಿಕಲ್ ಚರಿತ್ರೇಲಿ ತುಂಬಾ ಮುಖ್ಯ ಅನ್ಸೋದು ಇದೇ. ಹಸಿರು ತರಕಾರಿನ ವಿನೆಗರ್‌ಗೆ ಹಾಕಿದ್ರೆ ಹಸಿರು ಉಳಿಯಲ್ಲ. ಎಲೆಗೆ ಹಸಿರು ಕೊಡೋ ಪತ್ರಹರಿತ್ತಿನ ಅಣುವಿನ ನಡುವೆ ಒಂದು ಮೆಗ್ನೀಸಿಯಮ್ ಕೂತಿರುತ್ತೆ, ಹುಳಿ ಅದನ್ನ ಕಿತ್ತು ಹಾಕಿ ಹೈಡ್ರೋಜನ್ ಕೂರಿಸುತ್ತೆ, ಬಣ್ಣ ಮಂಕಾಗಿ ಕಂದು ಹಸಿರಾಗುತ್ತೆ. ಆದ್ರೆ ಆ ಜಾಗಕ್ಕೆ ತಾಮ್ರ ಬಂದು ಕೂತ್ರೆ ಮೊದಲಿಗಿಂತ ಜೋರು ಹಸಿರು ಬರುತ್ತೆ, ಮತ್ತೆ ಅದು ಸುಲಭಕ್ಕೆ ಹೋಗಲ್ಲ. 19ನೇ ಶತಮಾನದ ಲಂಡನ್ ವ್ಯಾಪಾರಿಗಳು ಮಾಡ್ತಿದ್ದಿದ್ದು ಇದೇ, ವಿನೆಗರನ್ನ ತಾಮ್ರದ ಹಂಡೆಗಳಲ್ಲಿ ಕುದಿಸೋರು, ತಾಮ್ರ ಕರಗಿ ಪಿಕಲ್‌ಗೆ ಇಳಿಯೋದು, ಜನ ಹೊಳೆಯೋ ಹಸಿರು ನೋಡಿ ತಾಜಾ ಅಂತ ಕೊಳ್ಳೋರು. 1850ರ ದಶಕದ ಶುರುವಿನಲ್ಲಿ ಡಾಕ್ಟರ್ ಆರ್ಥರ್ ಹಿಲ್ ಹ್ಯಾಸಲ್ ಅಂಗಡಿಗಳಿಂದ ಆಹಾರದ ಸ್ಯಾಂಪಲ್ ತಂದು ಪರೀಕ್ಷೆ ಮಾಡಿ, ಏನೇನು ಸಿಕ್ತು ಅಂತ ದಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೇಲಿ ಬರೆದ, ಮಾರಿದವರ ಹೆಸರು ಸಮೇತ. ಪಿಕಲ್‌ಗಳಲ್ಲಿ ತಾಮ್ರ ಸಿಕ್ಕಿತ್ತು. 1855ರಲ್ಲಿ ಪಾರ್ಲಿಮೆಂಟಿನ ಸಮಿತಿ ಮುಂದೆ ಕ್ರಾಸ್ ಅಂಡ್ ಬ್ಲ್ಯಾಕ್‌ವೆಲ್‌ನ ಥಾಮಸ್ ಬ್ಲ್ಯಾಕ್‌ವೆಲ್ ಬಂದು, ಹೌದು ನಾವೂ ತಾಮ್ರ ಬಳಸ್ತಿದ್ವಿ, ಈಗ ಬಿಟ್ಟಿದೀವಿ ಅಂತ ಹೇಳಿದ. 1860ರಲ್ಲಿ ಕಲಬೆರಕೆ ವಿರುದ್ಧ ಕಾನೂನು ಬಂತು. ಒಬ್ಬ ಡಾಕ್ಟರು ಮೈಕ್ರೋಸ್ಕೋಪು ಹಿಡಿದು ಕೂತಿದ್ದರಿಂದ ಒಂದು ದೇಶದ ಊಟದ ಮೇಜು ಇಷ್ಟು ಬದಲಾಯ್ತಲ್ಲ ಅಂತ ನನಗೆ ಪ್ರತಿ ಸಲ ಆಶ್ಚರ್ಯ ಆಗುತ್ತೆ. ಇವತ್ತಿನ ಬ್ರಾನ್‌ಸ್ಟನ್ ಕಂದು ಬಣ್ಣದ್ದು, ಖರ್ಜೂರ, ಮಾಲ್ಟ್ ವಿನೆಗರ್, ಸುಟ್ಟ ಸಕ್ಕರೆಯಿಂದ ಬಂದ ಬಣ್ಣ. ನಮ್ಮಲ್ಲಿ ಕಲಾಯಿ ಹೋದ ಹಿತ್ತಾಳೆ ಪಾತ್ರೇಲಿ ಸಾರು ಮಾಡ್ಬೇಡಿ ಅನ್ನೋದಕ್ಕೂ ಕಾರಣ ಇದೇ, ಹುಳಿ ತಾಮ್ರನ ಬಿಡಲ್ಲ.

ಇನ್ನು ಆ ಘಾಟು. ಹುಣಸೆಹಣ್ಣಿನ ಹುಳಿ ಟಾರ್ಟಾರಿಕ್ ಆಸಿಡ್, ಅದು ಆವಿಯಾಗಲ್ಲ, ನಾಲಿಗೆಗೆ ತಾಗಿದಾಗಲೇ ಅದರ ಹುಳಿ ಗೊತ್ತಾಗೋದು. ಅಸಿಟಿಕ್ ಆಸಿಡ್ ಹಾಗಲ್ಲ, ಮುಚ್ಚಳ ತೆಗೆದ ತಕ್ಷಣ ಗಾಳೀಲಿ ಸೇರಿ ಮೂಗಿಗೆ ಬರುತ್ತೆ. ಹುಣಸೆ, ನಿಂಬೆಯಲ್ಲಿ ಬೆಳೆದ ನಮ್ಮ ಬಾಯಿಗೆ ಇದು ಅತಿಯಾಯ್ತು ಅನ್ಸೋದು ಸಹಜ, ಅದರಲ್ಲೂ ಬಿಸಿ ಅನ್ನದ ಮೇಲೆ ಹಾಕಿದ್ರೆ ಶಾಖಕ್ಕೆ ಇನ್ನೂ ಜಾಸ್ತಿ ಏಳುತ್ತೆ. ಇಂಗ್ಲಿಷರು ಇದನ್ನ ಸಾಮಾನ್ಯವಾಗಿ ತಣ್ಣಗಿರೋ ಊಟದ ಜೊತೆ ತಿನ್ನೋದನ್ನ ಗಮನಿಸಿ. ಕೆಡದ ಹಾಗೆ ಕಾಯೋದೂ ಇದೇ ಆಸಿಡ್ಡು. ಅಸಿಟಿಕ್ ಆಸಿಡ್ ಅಣು ಚಿಕ್ಕದು, ವಿಘಟನೆ ಆಗದೆ ಇಡಿಯಾಗಿರುವಾಗ ಬ್ಯಾಕ್ಟೀರಿಯಾದ ಪೊರೆ ದಾಟಿ ಒಳಗೆ ಹೋಗಿಬಿಡುತ್ತೆ, ಒಳಗೆ ಹೋದ ಮೇಲೆ ಒಡೆದು ಅಲ್ಲೇ ಹುಳಿ ಏರಿಸುತ್ತೆ, ಬ್ಯಾಕ್ಟೀರಿಯಾ ಆ ಹುಳಿನ ಹೊರಗೆ ತಳ್ಳೋದ್ರಲ್ಲೇ ಸುಸ್ತಾಗುತ್ತೆ. ಬಾಟುಲಿಸಮ್ ಅನ್ನೋ ಪ್ರಾಣಕ್ಕೇ ಅಪಾಯವಾಗೋ ಆಹಾರವಿಷ ತರೋ ಕ್ರಿಮಿ ಪಿಎಚ್ 4.6ಕ್ಕಿಂತ ಕೆಳಗೆ ಬೆಳೆಯೋದೇ ಇಲ್ಲ. ನಮ್ಮ ಉಪ್ಪಿನಕಾಯೀಲಿ ಈ ಕೆಲಸದ ದೊಡ್ಡ ಪಾಲು ಉಪ್ಪಿಂದು, ಅದು ನೀರನ್ನ ಹಿಡಿದಿಟ್ಟು ಕ್ರಿಮಿಗೆ ಸಿಗದ ಹಾಗೆ ಮಾಡುತ್ತೆ, ಮೇಲೆ ಎಣ್ಣೆ ನಿಂತು ಗಾಳಿ ತಡೆಯುತ್ತೆ.

ಅನ್ನದ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತೆ. ಉಪ್ಪಿನಕಾಯಿ ಅಂದ್ರೆ ಉಪ್ಪು, ಖಾರ, ಎಣ್ಣೆ ಮೂರೂ ಗಟ್ಟಿಯಾಗಿ ಒತ್ತಿ ತುಂಬಿದ ಪದಾರ್ಥ, ಒಂದು ಚೂರು ನೆಂಚ್ಕೊಂಡ್ರೆ ಉಪ್ಪಿಲ್ಲದ ಒಂದು ದೊಡ್ಡ ತುತ್ತು ಅನ್ನಕ್ಕೆ ಸಾಕಾಗುತ್ತೆ. ಬ್ರಾನ್‌ಸ್ಟನ್‌ನಲ್ಲಿ ಉಪ್ಪು ಕಮ್ಮಿ, ಎಣ್ಣೆ ಇಲ್ವೇ ಇಲ್ಲ ಅನ್ನಬಹುದು, ಸಕ್ಕರೆ ಸುಮಾರು ಕಾಲು ಭಾಗ. ಅನ್ನಕ್ಕೆ ರುಚಿ ಬರೋಷ್ಟು ಹಾಕಿದ್ರೆ ಸಕ್ಕರೆ ಮೇಲೆ ಬಂದುಬಿಡುತ್ತೆ. ಅದಕ್ಕೆ ಬೇಕಾಗಿರೋದು ಉಪ್ಪು ಮತ್ತೆ ಕೊಬ್ಬು ತನ್ನ ಜೊತೆ ತರೋ ಜೋಡಿ, ಚೆಡ್ಡಾರ್ ಅಂದ್ರೆ ಅದೇ. 100 ಗ್ರಾಂ ಚೆಡ್ಡಾರ್‌ನಲ್ಲಿ ಸುಮಾರು 33 ಗ್ರಾಂ ಕೊಬ್ಬು, ಬೇಕಾದಷ್ಟು ಉಪ್ಪು, ಹಳೇದಾದಷ್ಟೂ ಪ್ರೋಟೀನ್ ಒಡೆದು ಗ್ಲುಟಮೇಟ್ ಜಾಸ್ತಿ ಆಗಿ ಸಾರಿನಂಥ ಒಂದು ಆಳದ ರುಚಿ. ಕೊಬ್ಬು ನಾಲಿಗೆ ಮೇಲೆ ಪದರ ಕಟ್ಟಿದಾಗ ವಿನೆಗರ್ ಚೂಪು ಮೊಂಡಾಗುತ್ತೆ, ಹುಳಿಗೆ ಜೊಲ್ಲು ಸುರಿದು ಆ ಪದರ ಇಳಿಯುತ್ತೆ, ಮುಂದಿನ ತುತ್ತಿಗೆ ಚೀಸು ಮತ್ತೆ ಹೊಸದು ಅನ್ಸುತ್ತೆ. ಮೆತ್ತನೆ ಚೀಸಿನ ನಡುವೆ ಆ ಕರಕರ ಹೋಳು ಬೇರೆ.

ಬ್ರೆಡ್ಡು, ಚೀಸು, ಪಿಕಲ್ಲು, ಹಸಿ ಈರುಳ್ಳಿ ಒಂದು ತಟ್ಟೇಲಿ ಇಟ್ಟು ಪಬ್‌ಗಳಲ್ಲಿ ಕೊಡೋದಕ್ಕೆ ಪ್ಲೌಮನ್ಸ್ ಲಂಚ್ ಅಂತಾರೆ, ಉಳುವ ರೈತನ ಮಧ್ಯಾಹ್ನದೂಟ. ಬ್ರೆಡ್ಡು ಚೀಸು ಜೊತೆಗೆ ತಿನ್ನೋದು ಹಳೇದೇ, ಆದ್ರೆ ಆ ಹೆಸರಲ್ಲಿ ಊರೂರಿಗೆ ಹಬ್ಬಿಸಿದ್ದು 1954ರಲ್ಲಿ ಚೀಸ್ ರೇಷನ್ ಮುಗಿದ ಮೇಲೆ ಮಾರಾಟ ಹೆಚ್ಚಿಸೋಕೆ ನಿಂತ ಚೀಸ್ ಬ್ಯೂರೋ ಮತ್ತೆ ಹಾಲಿನ ಮಾರ್ಕೆಟಿಂಗ್ ಬೋರ್ಡ್. ಪೋರ್ಕ್ ಪೈ ಜೊತೆಗೂ ಪಿಕಲ್ ತಿಂತಾರೆ, ಅದೇ ಕೊಬ್ಬಿಗೆ ಹುಳಿ. ಕೊಡಗಿನ ಪಂದಿ ಕರಿಗೆ ಕಾಚಂಪುಳಿ ಯಾಕೆ ಬೇಕೇ ಬೇಕು ಅಂತ ಗೊತ್ತಿರೋರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಹಾಗಾಗಿ ನಮ್ಮ ಮನೇಲಿ ಇರೋದರ ಜೊತೆ ತಿನ್ನೋದಾದ್ರೆ ಕೊಬ್ಬು ಮತ್ತೆ ಉಪ್ಪು ಇರೋ ಕಡೆ ಹೋಗಿ. ಬೆಣ್ಣೆ ಸವರಿದ ಅಕ್ಕಿ ರೊಟ್ಟಿಗೆ ಚೆನ್ನಾಗಿರುತ್ತೆ, ಬೇಯಿಸಿದ ಮೊಟ್ಟೆಗೆ, ಆಮ್ಲೆಟ್‌ಗೆ, ಉಪ್ಪು ಹಾಕಿ ಹುರಿದ ಪನೀರ್‌ಗೆ, ಆಲೂ ಪರೋಟಕ್ಕೆ ಚೆನ್ನಾಗಿರುತ್ತೆ. ಮೊಸರನ್ನಕ್ಕೆ ಬೇಡ, ಮೊಸರೇ ಹುಳಿ, ಎರಡು ಹುಳಿ ಸೇರಿ ಜಗಳ ಆಡ್ತವೆ. ಇಡ್ಲಿಗೂ ಬೇಡ ಅಂತೀನಿ.

ಮನೇಲಿ ಮಾಡ್ಬೇಕು ಅನ್ನೋರು ಸ್ವೀಡ್ ಹುಡುಕ್ಕೊಂಡು ಅಲೆಯೋದು ಬೇಡ, ಅದೇ ವಂಶದ ನವಿಲುಕೋಸು ಹಾಕಿ. ಹೋಳುಗಳಿಗೆ ಉಪ್ಪು ಸವರಿ ಒಂದು ರಾತ್ರಿ ಬಿಟ್ಟು ನೀರು ಬಸಿದುಬಿಡಿ, ಇಲ್ಲಾಂದ್ರೆ ಆ ನೀರು ವಿನೆಗರನ್ನ ತೆಳು ಮಾಡಿ ಕೆಡೋಕೆ ದಾರಿಯಾಗುತ್ತೆ. ಅಂಗಡೀಲಿ ಸಿಗೋ ಸಿಂಥೆಟಿಕ್ ವಿನೆಗರ್ ಅಂದ್ರೆ ಅಸಿಟಿಕ್ ಆಸಿಡ್‌ಗೆ ನೀರು ಬೆರೆಸಿದ್ದು, ಹುಳಿ ಇರುತ್ತೆ, ಆದ್ರೆ ಬಾರ್ಲಿಯ ಆ ಪರಿಮಳ ಇರಲ್ಲ. ಹುದುಗಿಸಿ ಮಾಡಿದ ಮಾಲ್ಟ್ ವಿನೆಗರೋ ಸೇಬಿನ ವಿನೆಗರೋ ತಗೊಳ್ಳಿ. ಸ್ಟೀಲ್ ಪಾತ್ರೇಲೇ ಕುದಿಸಿ, ಬಿಸಿನೀರಲ್ಲಿ ಕುದಿಸಿ ಒಣಗಿಸಿದ ಗಾಜಿನ ಬಾಟ್ಲಿಗೆ ಬಿಸಿ ಇರುವಾಗಲೇ ತುಂಬಿ, ತಿಂಗಳಾದ್ರೂ ಬಿಟ್ಟು ಆಮೇಲೆ ತೆಗೀರಿ. ಮೊದಲ ವಾರ ರಸದಲ್ಲಿ ಹುಳಿ, ಹೋಳಿನೊಳಗೆ ಬರೀ ತರಕಾರಿ ರುಚಿ ಅಂತ ಬೇರೆ ಬೇರೆ ಇರುತ್ತೆ, ನಿಧಾನಕ್ಕೆ ಹುಳಿ ಸಿಹಿ ಎರಡೂ ಒಳಗಿಳಿದು ಹದ ಬರುತ್ತೆ. ಚೀಸ್ ಟೋಸ್ಟ್ ಮಾಡೋರು ಪಿಕಲ್‌ನ ಮೊದಲು ಬ್ರೆಡ್ ಮೇಲೆ ಸವರಿ ಚೀಸನ್ನ ಅದರ ಮೇಲೆ ಹಾಕಿ, ಮೇಲ್ಗಡೆ ಇಟ್ರೆ ಚೀಸ್ ಕರಗೋ ಮುಂಚೆನೇ ಸಕ್ಕರೆ ಸೀದುಹೋಗುತ್ತೆ.