ಬೆಂಗಳೂರಿಗಿಂತ ಆರು ವರ್ಷ ಮೊದಲು: 1975ರ ಕನ್ನಡ ಟಿ.ವಿ.ಯ ಒಂದು ದಿನ

ಬೆಂಗಳೂರು ದೂರದರ್ಶನ ಕೇಂದ್ರ ಕೆಲಸ ಶುರುಮಾಡಿದ್ದು 1981ರ ನವೆಂಬರ್ 1ರಂದು. ಕರ್ನಾಟಕದ ಟಿ.ವಿ. ಇತಿಹಾಸವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಎಣಿಸುತ್ತಾರೆ. ಅದಕ್ಕೆ ಆರು ವರ್ಷ ಮೊದಲೇ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕನ್ನಡದ ಕಾರ್ಯಕ್ರಮ ನೋಡುತ್ತಿದ್ದರು. ರಾಜಧಾನಿಯ ನಡುಮನೆಗೆ ಬರುವ ಮೊದಲು ಟಿ.ವಿ. ಜೋಳ, ತೊಗರಿ ಬೆಳೆಯುವ ಊರುಗಳಿಗೆ ಬಂದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ ನಡೆದ ಆ ಉಪಗ್ರಹ ಪ್ರಯೋಗದ ಹೆಸರು 'ಸೈಟ್' (ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್, ಅಂದರೆ ಉಪಗ್ರಹದ ಮೂಲಕ ಟಿ.ವಿ. ಶಿಕ್ಷಣದ ಪ್ರಯೋಗ).

ದೇಶದಲ್ಲಿ ಟಿ.ವಿ. ಆಗ ಎಲ್ಲಿತ್ತು ಎಂಬುದನ್ನು ನೋಡಿದರೆ ಇದರ ವಿಶೇಷ ತಿಳಿಯುತ್ತದೆ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಾಯೋಗಿಕವಾಗಿ ಶುರುವಾದ ಪ್ರಸಾರ ದಿನನಿತ್ಯದ್ದಾಗಲು 1965 ಬಂತು. ಮುಂಬೈಗೆ ಕೇಂದ್ರ ಸಿಕ್ಕಿದ್ದು 1972ರಲ್ಲಿ. ಕಲ್ಕತ್ತ, ಮದರಾಸುಗಳಿಗೆ ಟಿ.ವಿ. ಬಂದದ್ದು ನಮ್ಮ ಹಳ್ಳಿಗಳಿಗೆ ಬಂದ ತಿಂಗಳಲ್ಲೇ, ಅದೂ ಒಂದೆರಡು ವಾರ ತಡವಾಗಿ.

ಈ ಪ್ರಯೋಗದ ಹಿಂದಿದ್ದವರು ಬಾಹ್ಯಾಕಾಶ ವಿಜ್ಞಾನಿ ವಿಕ್ರಮ್ ಸಾರಾಭಾಯ್. ನಗರದಲ್ಲಿ ಗೋಪುರ ಕಟ್ಟಿ, ಅಲ್ಲಿಂದ ಮೆಲ್ಲಗೆ ಹಳ್ಳಿಯ ಕಡೆ ಹಬ್ಬುವುದಾದರೆ ಹಳ್ಳಿಯ ಸರದಿ ಯಾವಾಗಲೂ ಕೊನೆಯದೇ ಆಗುತ್ತದೆ, ಆಕಾಶದಿಂದ ನೇರವಾಗಿ ಇಳಿಸಿದರೆ ದೂರದ ಊರಿಗೂ ಹತ್ತಿರದ ಊರಿಗೂ ಭೇದವಿರುವುದಿಲ್ಲ ಎಂಬುದು ಅವರ ವಾದ. 1969ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಜೊತೆ ಒಪ್ಪಂದವಾಯಿತು. ಪ್ರಸಾರ ಶುರುವಾಗುವ ಹೊತ್ತಿಗೆ ಸಾರಾಭಾಯ್ ಇರಲಿಲ್ಲ, 1971ರ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದರು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದಲ್ಲಿ ಯಶ್ ಪಾಲ್, ಇ.ವಿ. ಚಿಟ್ನಿಸ್ ಮೊದಲಾದವರು ಕೆಲಸ ಮುಂದುವರಿಸಿದರು. ಆರು ರಾಜ್ಯಗಳ 2,400 ಹಳ್ಳಿಗಳನ್ನು ಆರಿಸಲಾಯಿತು. ಮುಂದುವರಿದ ಜಿಲ್ಲೆಗಳನ್ನು ಬಿಟ್ಟು ಹಿಂದುಳಿದವನ್ನೇ ಹುಡುಕಿ ಆರಿಸಿದ್ದರಿಂದ ಕರ್ನಾಟಕದಲ್ಲಿ ಆಯ್ಕೆ ಬಿದ್ದದ್ದು ಈ ಮೂರು ಜಿಲ್ಲೆಗಳ ಮೇಲೆ. ಇಂದಿನ ಬಾಗಲಕೋಟೆ, ಕೊಪ್ಪಳ, ಯಾದಗಿರಿಗಳೂ ಆಗ ಅವುಗಳ ಒಳಗೇ ಇದ್ದವು.

ಉಪಗ್ರಹ ನಾಸಾದ ಎಟಿಎಸ್-6. ಅದನ್ನು ಭೂಮಧ್ಯರೇಖೆಯ ಮೇಲೆ, ಪೂರ್ವ ಆಫ್ರಿಕದ ನೆತ್ತಿಗೆ, 35 ಡಿಗ್ರಿ ಪೂರ್ವ ರೇಖಾಂಶಕ್ಕೆ ಸರಿಸಿ ನಿಲ್ಲಿಸಿದ್ದರು. ಗುಲ್ಬರ್ಗದಿಂದ ಲೆಕ್ಕ ಹಾಕಿದರೆ ಆಂಟೆನಾ ಪಶ್ಚಿಮದಿಂದ ತುಸು ತೆಂಕಕ್ಕೆ ಹೊರಳಿ, ನೆಲದಿಂದ ಸುಮಾರು 38 ಡಿಗ್ರಿ ಎತ್ತರಕ್ಕೆ ಮುಖ ಮಾಡಬೇಕು. ಆ ದಿಕ್ಕಿಗೆ ಎತ್ತರದ ಬೇವಿನ ಮರವೋ ಮಾಳಿಗೆಯೋ ಅಡ್ಡವಿದ್ದರೆ ಚಿತ್ರ ಹಾಳು. ಆಂಟೆನಾ 3 ಮೀಟರ್ ಅಗಲದ ಬೋಗುಣಿ, ಮೈಯೆಲ್ಲ ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆ. ತೂತು ತೂತಾದ ಬಲೆ ಅಲೆಯನ್ನು ಹೇಗೆ ಹಿಡಿದೀತು ಎಂಬ ಸಂಶಯ ಸಹಜ. ಉಪಗ್ರಹ ಕಳಿಸುತ್ತಿದ್ದದ್ದು 860 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಹೆಚ್ಚುಕಡಿಮೆ 35 ಸೆಂಟಿಮೀಟರ್, ಹಾಗಾಗಿ ಬಲೆಯ ಸಣ್ಣ ಕಣ್ಣುಗಳು ಅದರ ಲೆಕ್ಕಕ್ಕೆ ಗೋಡೆಯೇ. ಗಾಳಿ ಮಾತ್ರ ಬಲೆಯಲ್ಲಿ ತೂರಿಹೋಗುತ್ತದೆ, ಬಯಲುಸೀಮೆಯ ಬಿರುಗಾಳಿಗೆ ತಗಡಿನ ಬೋಗುಣಿಯಷ್ಟು ಸುಲಭವಾಗಿ ಬಾಗುವುದಿಲ್ಲ. ಹಗುರ, ಅಗ್ಗ, ಬಿಡಿಬಿಡಿಯಾಗಿ ಸಾಗಿಸಿ ಊರಲ್ಲೇ ಜೋಡಿಸಬಹುದು. ಈ ಗಾತ್ರದ ಬೋಗುಣಿಗೆ ಒಂದೆರಡು ಡಿಗ್ರಿ ಹೊರಳಿದರೆ ದೊಡ್ಡ ನಷ್ಟವಿಲ್ಲ. ಬೋಲ್ಟು ಸಡಿಲವಾಗಿ ನಾಲ್ಕೈದು ಡಿಗ್ರಿ ತಿರುಗಿತೋ, ಪರದೆಯ ಮೇಲೆ ಅಕ್ಕಿನುಚ್ಚು ಚೆಲ್ಲಿದಂತೆ ಚುಕ್ಕಿಗಳು.

ಪೆಟ್ಟಿಗೆಗಳು ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇ.ಸಿ.ಐ.ಎಲ್. ತಯಾರಿಸಿದ ಕಪ್ಪುಬಿಳುಪಿನವು. ಉಪಗ್ರಹ ಚಿತ್ರವನ್ನು ಎಫ್.ಎಂ. ಪದ್ಧತಿಯಲ್ಲಿ ಕಳಿಸುತ್ತಿತ್ತು, ಮಾಮೂಲಿ ಟಿ.ವಿ.ಗೆ ಅರ್ಥವಾಗುವುದು ಎ.ಎಂ. ಚಿತ್ರ. ನಡುವೆ ದುಭಾಷಿಯಂತೆ ಒಂದು ಪರಿವರ್ತಕ ಬೇಕಾಯಿತು. ಅದು ಕೆಟ್ಟರೆ ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಹಳ್ಳಿಯ ಕರೆಂಟು ಇನ್ನೊಂದು ತೊಡಕು. ಸಂಜೆ ವೋಲ್ಟೇಜು ಕುಸಿದರೆ ಅಂದಿನ ಪಿಕ್ಚರ್ ಟ್ಯೂಬಿನಲ್ಲಿ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ, ಮಂಕಾಗಿ, ಕೊನೆಗೆ ಉರುಳತೊಡಗುತ್ತದೆ.

ದಿನಕ್ಕೆ ಪ್ರಸಾರ ಒಟ್ಟು ನಾಲ್ಕು ಗಂಟೆ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರವರಿಗೆ. ಬೆಳಗಿನ 90 ನಿಮಿಷವನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕು ಭಾಷೆಗಳಿಗೆ ಸಮನಾಗಿ ಹಂಚಿದ್ದರು. ಕನ್ನಡದ ಪಾಲು 22 ನಿಮಿಷ 30 ಸೆಕೆಂಡು. ಉಪಗ್ರಹದಲ್ಲಿ ಚಿತ್ರದ ಹಾದಿ ಒಂದೇ ಇದ್ದುದರಿಂದ ಒಬ್ಬರ ಪಾಠ ಮುಗಿದ ಮೇಲೆಯೇ ಇನ್ನೊಬ್ಬರದು. ಟಿ.ವಿ. ನೋಡಿಕೊಳ್ಳುವವರು ಗಡಿಯಾರ ನೋಡಿ ಗುಂಡಿ ಒತ್ತಬೇಕು, ಐದು ನಿಮಿಷ ತಡವಾದರೆ ಪಾಠದ ಕಾಲುಭಾಗ ಹೋದಂತೆ, ಮತ್ತೆ ಹಾಕಿ ತೋರಿಸಲು ಊರಲ್ಲಿ ಯಾವ ಸಾಧನವೂ ಇರಲಿಲ್ಲ. ಹಗಲ ಬೆಳಕಿನಲ್ಲಿ ಪರದೆ ಕಾಣದು, ಕಿಟಕಿ ಮುಚ್ಚಿದ ಕೋಣೆಯೇ ಆಗಬೇಕು. 5ರಿಂದ 12 ವಯಸ್ಸಿನವರೆಲ್ಲ ಒಟ್ಟಿಗೇ ಕೂರುತ್ತಿದ್ದರು. ಒಂದನೇ ತರಗತಿಯ ಮಗುವಿಗೂ ಏಳನೆಯ ಮಗುವಿಗೂ ಒಂದೇ ಪಾಠ ಹಿಡಿಸುವಂತೆ ಮಾಡುವುದು ಸುಲಭದ ಮಾತಲ್ಲ. ಅದಕ್ಕೇ ಪಠ್ಯವನ್ನು ಪಕ್ಕಕ್ಕಿಟ್ಟು ಸುತ್ತಮುತ್ತಲಿನ ವಿಜ್ಞಾನ, ಪ್ರಶ್ನೆ ಕೇಳುವ ಅಭ್ಯಾಸ, ಆಟ ಇವುಗಳಿಗೆ ಒತ್ತು ಕೊಟ್ಟರು. ಇದು ಸರಿಯಾದ ನಿರ್ಧಾರವೆಂದೇ ಹೇಳಬೇಕು.

ಸಂಜೆಯ ಹೊತ್ತು ಬೇಸಾಯ, ಆರೋಗ್ಯ, ಪೌಷ್ಟಿಕ ಆಹಾರ, ಕುಟುಂಬ ಯೋಜನೆ, ಜೊತೆಗೆ ಹಾಡು, ನಾಟಕ. ಉಪಗ್ರಹಕ್ಕೆ ಚಿತ್ರದ ಹಾದಿ ಒಂದೇ ಆದರೂ ಧ್ವನಿಯ ಹಾದಿ ಎರಡಿದ್ದವು. ಅಂದರೆ ಒಂದೇ ಚಿತ್ರಕ್ಕೆ ಎರಡು ಭಾಷೆಯ ಮಾತು ಕೂಡಿಸಿ ಕಳಿಸಬಹುದು. ಹೊಲದ ಚಿತ್ರ, ಹಿನ್ನೆಲೆಯ ವಿವರಣೆ, ತೊಗಲುಗೊಂಬೆ ಇಂಥವಕ್ಕೆ ಇದು ಒಗ್ಗುತ್ತದೆ. ಇಬ್ಬರು ಎದುರುಬದುರು ನಿಂತು ಮಾತಾಡುವ ನಾಟಕಕ್ಕೆ ಒಗ್ಗದು, ತುಟಿ ಒಂದು ಹೇಳಿದರೆ ಕಿವಿಗೆ ಇನ್ನೊಂದು.

ಕನ್ನಡ, ತೆಲುಗು ಎರಡಕ್ಕೂ ತಯಾರಿಕೆಯ ಕೇಂದ್ರ ಹೈದರಾಬಾದು. ಟೇಪು ಅಲ್ಲಿ ಸಿದ್ಧವಾಗಿ ಉಪಗ್ರಹಕ್ಕೆ ಪ್ರಸಾರ ಕಳಿಸುವ ಭೂಕೇಂದ್ರಕ್ಕೆ ಮುಂಚಿತವಾಗಿ ತಲುಪಬೇಕು. ಆದ್ದರಿಂದ 'ನಾಳೆ ಮಳೆ ಬರಬಹುದು, ಇಂದೇ ರಾಶಿ ಮುಚ್ಚಿ' ಎಂಬಂಥ ಮಾತಿಗೆ ಆಸ್ಪದ ಕಡಿಮೆ, 'ಬಿತ್ತುವ ಮೊದಲು ಬೀಜೋಪಚಾರ ಮಾಡಿ' ಎಂಬುದಕ್ಕೆ ಹೆಚ್ಚು. ಭಾಷೆಯದೂ ಒಂದು ಕಗ್ಗಂಟು. ಪುಸ್ತಕದ ಕನ್ನಡವನ್ನೇ ಆಡಿದರೆ ಸಿಂಧನೂರಿನ ಕಡೆಯ ಅಜ್ಜಿಗೆ ಅದು ಸರ್ಕಾರದ ಮಾತು. 'ಹೊಲಕ್ಕ ಹೋಗೂಣು ಬಾ' ಎಂದರೆ ಮನೆಯವರ ಮಾತು.

ಸಂಜೆಯ ಪ್ರಸಾರದಲ್ಲಿ ಅರ್ಧ ಗಂಟೆ ಎಲ್ಲ ರಾಜ್ಯಗಳಿಗೂ ಸಾಮಾನ್ಯವಾದದ್ದು, ಹಿಂದಿಯಲ್ಲಿ, ದೆಹಲಿಯ ಸುದ್ದಿಯೂ ಸೇರಿ. ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗ, ರಾಯಚೂರುಗಳ ಪೇಟೆಯಲ್ಲಿ ಉರ್ದು ಬಲ್ಲವರು ಒಂದಿಷ್ಟು ಹಿಡಿದಾರು, ಹಳ್ಳಿಯ ಹೆಂಗಸರಿಗೆ ಅದರಿಂದ ದಕ್ಕುವುದು ಕಡಿಮೆ. ಸೈಟ್ ಶುರುವಾಗುವುದಕ್ಕೆ ಐದು ವಾರ ಮೊದಲು, ಜೂನ್ 25ರಂದು, ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ದೂರದರ್ಶನ ಆಗಿನ್ನೂ ಆಕಾಶವಾಣಿಯ ಒಂದು ಭಾಗ, ಬೇರೆಯಾದದ್ದು 1976ರ ಏಪ್ರಿಲ್ 1ರಂದು. ಹಳ್ಳಿಗೆ ಮೊದಲ ಬಾರಿ ಬಂದ ಸುದ್ದಿಯ ಪರದೆಯಲ್ಲಿ ಸರ್ಕಾರದ ಮಾತಲ್ಲದೆ ಬೇರೆ ಮಾತಿಗೆ ಜಾಗವಿರಲಿಲ್ಲ.

ಒಪ್ಪಂದದ ವರ್ಷ ಮುಗಿದೊಡನೆ ನಾಸಾ ಉಪಗ್ರಹವನ್ನು ಹಿಂದಕ್ಕೆ ಸರಿಸಿಕೊಂಡಿತು. ಬೋಗುಣಿಗಳು ಬರಿಯ ಆಕಾಶ ನೋಡುತ್ತ ನಿಂತವು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಗೋಪುರ ಶುರುವಾಯಿತು, ಅದರ ಅಲೆ ಮುಟ್ಟಿದಷ್ಟು ಹಳ್ಳಿಗಳಲ್ಲಿ ಕನ್ನಡ ಮತ್ತೆ ಕೇಳಿಸಿತು. ದೂರದ ಹಳ್ಳಿಗಳಿಗೆ ಏನೂ ಇಲ್ಲ. ಸಾರಾಭಾಯ್ ತಪ್ಪಿಸಬೇಕೆಂದಿದ್ದ ಸರದಿಯೇ ತಿರುಗಿ ಬಂದಿತ್ತು.

1982ರ ಆಗಸ್ಟ್ 15ರಿಂದ ಬಣ್ಣ ಬಂತು, ಜೊತೆಗೆ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮವೂ. ಸೈಟ್‌ನಲ್ಲಿ ಅರ್ಧ ಗಂಟೆಯಿದ್ದ ಸಾಮಾನ್ಯ ಹೊತ್ತು ಈಗ ರಾತ್ರಿ ಇಡೀ ದೇಶದ ಹೊತ್ತಾಯಿತು. ನಮ್ಮದೇ ಇನ್ಸಾಟ್-1ಬಿ ಉಪಗ್ರಹ 1983ರಲ್ಲಿ ಕೆಲಸ ಶುರುಮಾಡಿತು. ಹಳ್ಳಿಗಳಿಗೆ ಮತ್ತೆ ನೇರವಾಗಿ ಅವರವರ ಭಾಷೆಯ ಕಾರ್ಯಕ್ರಮ ಕಳಿಸಲು ಆರು ರಾಜ್ಯಗಳನ್ನು ಆರಿಸಿದರು: ಆಂಧ್ರಪ್ರದೇಶ, ಒರಿಸ್ಸಾ, ಬಿಹಾರ, ಉತ್ತರ ಪ್ರದೇಶ, ಮಹಾರಾಷ್ಟ್ರ, ಗುಜರಾತ್. ಮೊದಲ ಪಟ್ಟಿಯಲ್ಲಿದ್ದ ಕರ್ನಾಟಕ ಈ ಪಟ್ಟಿಯಲ್ಲಿ ಇರಲಿಲ್ಲ.