ನ್ಯಾಕ್ ಅಂಕಿಗಳು ತರಗತಿಗೆ ತಲುಪುವುದು ಯಾವಾಗ?

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ನ ಪೀರ್ ಟೀಮ್ (ಭೇಟಿಗೆ ಬರುವ ತಜ್ಞರ ತಂಡ) ಬರುವ ದಿನಾಂಕ ಗೊತ್ತಾದ ಕೂಡಲೇ ಕ್ಯಾಂಪಸ್ಸಿನಲ್ಲಿ ಸುಣ್ಣಬಣ್ಣ ಶುರುವಾಗುತ್ತದೆ. ಆದರೆ 2017ರ ಪರಿಷ್ಕೃತ ಪದ್ಧತಿಯಲ್ಲಿ ಅಂಕಗಳ ದೊಡ್ಡ ಪಾಲು, ಸುಮಾರು ಶೇ 70, ನಿಂತಿರುವುದು ಸ್ವಯಂ ಅಧ್ಯಯನ ವರದಿಯಲ್ಲಿ ಕೊಟ್ಟ ಐದು ವರ್ಷಗಳ ಅಂಕಿಅಂಶದ ಮೇಲೆ. ತಂಡ ಬರುವ ಮೊದಲೇ ಅದರ ದಾಖಲೆ ಪರಿಶೀಲನೆ ಮುಗಿದಿರುತ್ತದೆ. ಆ ಪದ್ಧತಿಯಲ್ಲಿ ವಿಶ್ವವಿದ್ಯಾಲಯಕ್ಕೆ ಒಟ್ಟು 1000 ಅಂಕ. ಸಂಶೋಧನೆಗೆ 250, ಬೋಧನೆ ಮತ್ತು ಮೌಲ್ಯಮಾಪನಕ್ಕೆ 200, ಪಠ್ಯಕ್ರಮಕ್ಕೆ 150, ಉಳಿದ ನಾಲ್ಕು ಮಾನದಂಡಗಳಿಗೆ ತಲಾ 100. ವರದಿಯಲ್ಲಿ ಕೊಡುವ ಅಂಕಿಅಂಶಗಳಲ್ಲಿ ಕೆಲವಕ್ಕೆ ಪಾಠದ ಗುಣಮಟ್ಟವನ್ನೇ ಬದಲಿಸುವ ಶಕ್ತಿ ಇದೆ. ಐಕ್ಯೂಎಸಿ (ಸಂಸ್ಥೆಯೊಳಗಿನ ಗುಣಮಟ್ಟ ಖಾತರಿ ಘಟಕ) ತನ್ನ ಶ್ರಮವನ್ನು ಮೊದಲು ಅಲ್ಲಿಗೆ ಹಾಕಬೇಕು.

ಮೊದಲನೆಯದು ಫಲಿತಾಂಶದ ದಿನಗಳು. ಕೊನೆಯ ಪರೀಕ್ಷೆ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾದ ಕೊನೆಯ ದಿನದವರೆಗೆ ಎಷ್ಟು ದಿನ ಹಿಡಿಯಿತು ಎಂದು ನ್ಯಾಕ್ ಕೇಳುತ್ತದೆ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿ ಹರಿಹರದಿಂದ ಮೊಳಕಾಲ್ಮುರುವರೆಗೆ, ಎರಡು ಜಿಲ್ಲೆ. ಇಷ್ಟು ಹರಡಿದ ಕಡೆ ಒಟ್ಟು ದಿನ ಲೆಕ್ಕ ಹಾಕಿದರೆ ಏನೂ ಗೊತ್ತಾಗದು. ಉತ್ತರ ಪತ್ರಿಕೆ ಬಂದದ್ದು, ಕೋಡಿಂಗ್ (ನೋಂದಣಿ ಸಂಖ್ಯೆ ಮರೆಸಿ ಸಂಕೇತ ಕೊಡುವುದು) ಆದದ್ದು, ಮೌಲ್ಯಮಾಪನ ಮುಗಿದದ್ದು, ಅಂಕ ನಮೂದಾದದ್ದು ಹೀಗೆ ಪ್ರತಿ ಹಂತದ ದಿನಾಂಕವನ್ನು ಬರೆದಿಡಬೇಕು. ಆಗ ತಡ ಎಲ್ಲಿ ಎಂಬುದು ಕಾಣುತ್ತದೆ. ಎಷ್ಟೋ ಸಲ ಮೌಲ್ಯಮಾಪನ ಬೇಗ ಮುಗಿದು, ಒಂದೆರಡು ಕಾಲೇಜುಗಳ ಆಂತರಿಕ ಅಥವಾ ಪ್ರಾಯೋಗಿಕ ಅಂಕ ಬಾರದೆ ಇಡೀ ಕೋರ್ಸಿನ ಫಲಿತಾಂಶ ನಿಂತಿರುತ್ತದೆ. ಥಿಯರಿ ಪರೀಕ್ಷೆ ಶುರುವಾಗುವ ಮೊದಲೇ ಆಂತರಿಕ ಅಂಕದ ಪೋರ್ಟಲ್ ಮುಚ್ಚಿದರೆ ಈ ತಡೆ ತಪ್ಪುತ್ತದೆ. ಬಿ.ಇಡಿ ಅಥವಾ ಎಂ.ಎಸ್ಸಿ ಪ್ರವೇಶಕ್ಕೆ ಅಂಕಪಟ್ಟಿ ಕಾಯುವ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಎರಡನೆಯದು ಕಲಿಕಾ ಫಲಗಳ, ಅಂದರೆ ಪತ್ರಿಕೆ ಮುಗಿದಾಗ ವಿದ್ಯಾರ್ಥಿಗೆ ಬರಬೇಕಾದ ಅರಿವು ಮತ್ತು ಕೌಶಲಗಳ, ಸಾಧನೆ. ಅತಿ ಹೆಚ್ಚು ದುರ್ಬಳಕೆ ಆಗುವುದು ಇದೇ. ಸರಿಯಾಗಿ ಬಳಸಿದರೆ ಅತಿ ಹೆಚ್ಚು ಉಪಯೋಗವೂ ಇದರಿಂದಲೇ. ಪತ್ರಿಕೆಯೊಂದಕ್ಕೆ ಐದು ಕಲಿಕಾ ಫಲಗಳಿವೆ ಎನ್ನೋಣ. ಆಂತರಿಕ ಪರೀಕ್ಷೆಯ ಪ್ರತಿ ಪ್ರಶ್ನೆಯ ಎದುರು ಅದು ಎಷ್ಟನೆಯ ಫಲಕ್ಕೆ ಸೇರಿದ್ದು ಎಂದು ಬರೆಯಬೇಕು. ತರಗತಿಯ 40 ಜನರಲ್ಲಿ ಮೂರನೆಯ ಫಲದ ಪ್ರಶ್ನೆಗಳಲ್ಲಿ ಶೇ 60ಕ್ಕಿಂತ ಹೆಚ್ಚು ಅಂಕ ಪಡೆದವರು 28 ಎಂದರೆ ಸಾಧನೆ ಶೇ 70. ಐದನೆಯದರಲ್ಲಿ 14 ಎಂದರೆ ಶೇ 35. ಈಗ ಉತ್ತರ ಪತ್ರಿಕೆಗಳನ್ನು ತೆರೆದು ನೋಡಬೇಕು: ಉತ್ತರ ತಪ್ಪಿದೆಯೋ, ಪ್ರಶ್ನೆಯನ್ನೇ ಬಿಟ್ಟಿದ್ದಾರೋ? ಬಿಟ್ಟಿದ್ದರೆ ಕೊನೆಯ ಘಟಕವನ್ನು ಸೆಮಿಸ್ಟರಿನ ಕೊನೆಯ ವಾರದಲ್ಲಿ ಓಡಿಸಿರುವ ಸಾಧ್ಯತೆಯೇ ಹೆಚ್ಚು. ಆ ಘಟಕಕ್ಕೆ ಗಂಟೆ ಹೆಚ್ಚಿಸಿ, ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯ ನಡಾವಳಿಯಲ್ಲಿ ಕಾರಣ ಬರೆದು, ಮುಂದಿನ ಬ್ಯಾಚಿನ ಅಂಕಿಯೊಂದಿಗೆ ಹೋಲಿಸಬೇಕು. ಕೆಲವನ್ನು ಬಿಟ್ಟು ಉತ್ತರಿಸಬಹುದಾದ ಆಯ್ಕೆ ಪ್ರಶ್ನೆಗಳಿದ್ದಾಗ ಉತ್ತರಿಸಿದವರನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲದಿದ್ದರೆ ಶೇಕಡಾವಾರು ಸುಮ್ಮನೆ ಕುಸಿಯುತ್ತದೆ. ಇನ್ನು, ಎಲ್ಲ ಪತ್ರಿಕೆಗಳ ಸಾಧನೆಯೂ 70ರಿಂದ 75ರೊಳಗೆ ಬಂದಿದ್ದರೆ ಯಾರೋ ಒಂದೇ ಎಕ್ಸೆಲ್ ಹಾಳೆಯನ್ನು ಸುತ್ತಿಸಿದ್ದಾರೆ ಎಂದೇ ಅರ್ಥ. ಅದರಿಂದ ವಿದ್ಯಾರ್ಥಿಗೆ ಕಿಂಚಿತ್ತೂ ಪ್ರಯೋಜನವಿಲ್ಲ.

ಮೂರನೆಯದು ಅಧ್ಯಾಪಕರ ಹುದ್ದೆ. ಮಂಜೂರಾದ ಹುದ್ದೆಗಳಲ್ಲಿ ಪೂರ್ಣಾವಧಿ ಅಧ್ಯಾಪಕರು ಎಷ್ಟು ಎಂಬ ಪ್ರಶ್ನೆ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ನೋಯಿಸುವ ಪ್ರಶ್ನೆ. 100 ಹುದ್ದೆಗಳಲ್ಲಿ ನಾಲ್ಕು ವರ್ಷ 50 ಮಾತ್ರ ಭರ್ತಿಯಾಗಿದ್ದು, ಐದನೆಯ ವರ್ಷ 90ಕ್ಕೇರಿದರೂ ಸರಾಸರಿ 58ರಲ್ಲೇ ನಿಲ್ಲುತ್ತದೆ. ಕೊನೆಯ ಗಳಿಗೆಯ ನೇಮಕಾತಿ ಗ್ರೇಡನ್ನು ಎತ್ತಲಾರದು. ಆರ್ಥಿಕ ಇಲಾಖೆಯ ಒಪ್ಪಿಗೆ ಕ್ಯಾಂಪಸ್ಸಿನ ಕೈಯಲ್ಲಿಲ್ಲ, ನಿಜ. ಆದರೆ ಮೀಸಲಾತಿ ರೋಸ್ಟರ್ ಸರಿಪಡಿಸಿಡುವುದು, ವಿಭಾಗವಾರು ಖಾಲಿ ಹುದ್ದೆಗಳ ಪಟ್ಟಿಯನ್ನು ಪ್ರತಿ ವರ್ಷ ಸಿಂಡಿಕೇಟಿನ ಮುಂದಿಟ್ಟು ಸರ್ಕಾರಕ್ಕೆ ಕಳಿಸುವುದು ಅದರ ಕೈಯಲ್ಲೇ ಇದೆ. ಅತಿಥಿ ಉಪನ್ಯಾಸಕರು ಎಷ್ಟೇ ಚೆನ್ನಾಗಿ ಪಾಠ ಮಾಡಲಿ, ಪಿಎಚ್.ಡಿ ಮಾರ್ಗದರ್ಶನ ಮತ್ತು ದೀರ್ಘಾವಧಿ ಸಂಶೋಧನಾ ಯೋಜನೆಗಳಿಗೆ ಕಾಯಂ ಅಧ್ಯಾಪಕರು ಬೇಕೇ ಬೇಕು. ಹುದ್ದೆಗಳು ಖಾಲಿ ಇದ್ದರೆ ಸಂಶೋಧನೆಯ 250 ಅಂಕಗಳಿಗೂ ಪೆಟ್ಟು ಬೀಳುತ್ತದೆ.

ಪರಿಶೀಲನೆಯಲ್ಲಿ ಅಂಕ ಕಳೆಯುವ ಸಣ್ಣ ತಪ್ಪುಗಳೂ ಇವೆ: ಒಂದೇ ಲೇಖನವನ್ನು ಇಬ್ಬರು ಸಹಲೇಖಕರ ವಿಭಾಗಗಳೂ ಎಣಿಸುವುದು, ಶೈಕ್ಷಣಿಕ ವರ್ಷಕ್ಕೆ ಕ್ಯಾಲೆಂಡರ್ ವರ್ಷ ಬೆರೆಸುವುದು, ಸಹಿಯಾದ ಮೇಲೆ ಒಂದು ಚಟುವಟಿಕೆಯೂ ನಡೆಯದ ಒಡಂಬಡಿಕೆ ತೋರಿಸುವುದು. ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆಯ ಶಿವಗಂಗೋತ್ರಿ ಮತ್ತು ಚಿತ್ರದುರ್ಗದ ಜ್ಞಾನಗಂಗೋತ್ರಿಯಂತೆ ಎರಡು ಆವರಣಗಳಿದ್ದಾಗ ಗ್ರಂಥಾಲಯ, ಪ್ರಯೋಗಾಲಯಗಳ ಲೆಕ್ಕಕ್ಕೆ ಎರಡೂ ಕಡೆ ಒಂದೇ ನಮೂನೆ ಇರಬೇಕು.

ವಿದ್ಯಾರ್ಥಿ ತೃಪ್ತಿ ಸಮೀಕ್ಷೆಗೆ ವಿಶ್ವವಿದ್ಯಾಲಯದಿಂದ ಶೇ 10 ಅಥವಾ 500, ಯಾವುದು ಕಡಿಮೆಯೋ ಅಷ್ಟು ವಿದ್ಯಾರ್ಥಿಗಳ ಉತ್ತರ ಬರಬೇಕು. ಪ್ರಶ್ನೆಗಳನ್ನು ನ್ಯಾಕ್ ನೇರವಾಗಿ ಇಮೇಲ್‌ಗೆ ಕಳಿಸುತ್ತದೆ. ಹಳ್ಳಿಯಿಂದ ಬರುವ ಮಕ್ಕಳು ಪ್ರವೇಶದ ಅರ್ಜಿಯನ್ನು ಸೈಬರ್ ಸೆಂಟರಿನಲ್ಲಿ ತುಂಬಿಸಿದಾಗ ಅಲ್ಲಿ ಸೆಂಟರಿನವರದೇ ಇಮೇಲ್ ಬಿದ್ದಿರುತ್ತದೆ. ಸಮೀಕ್ಷೆಯ ಪತ್ರ ವಿದ್ಯಾರ್ಥಿಗೆ ತಲುಪುವುದೇ ಇಲ್ಲ. ಪ್ರವೇಶಾತಿಯ ದಿನವೇ ಸ್ವಂತ ಇಮೇಲ್ ಬರೆಸಿಕೊಂಡು, ಅಲ್ಲೇ ಒಂದು ಸಂದೇಶ ಕಳಿಸಿ, ಅವರ ಮೊಬೈಲಿನಲ್ಲಿ ತೆರೆಸಿ ನೋಡಬೇಕು.